ಮರಳುಗಾಡಿನ ಗರಿಕೆ, ಅಕ್ಕನ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಈಗ ಕಟ್ಟುವವರಿಗಿಂತ ಕಟ್ಟಿದ್ದನ್ನು ಕೊಳ್ಳುವವರೇ ಹೆಚ್ಚು. ಕೊಳ್ಳುವಾಗ ನಾವು ನೋಡುವುದಾದರೂ ಏನನ್ನು? ಬಾಗಿಲು ಯಾವ ದಿಕ್ಕಿಗಿದೆ, ಅಡುಗೆಮನೆ ಎಷ್ಟು ಅಗಲವಿದೆ, ಕಿಟಕಿ ತೆರೆದರೆ ಏನು ಕಾಣುತ್ತದೆ, ಇಷ್ಟೇ ತಾನೆ? ಕಿಟಕಿಯಾಚೆ ಹಸಿರು ಕಂಡುಬಿಟ್ಟರೆ ಬೆಲೆ ಹೆಚ್ಚಾದರೂ ಮನಸ್ಸು ಒಪ್ಪಿಬಿಡುತ್ತದೆ. ಬೆಂಗಳೂರಿನ ಸುತ್ತಮುತ್ತ ಏಳುತ್ತಿರುವ ಗಾಲ್ಫ್ ವಿಲ್ಲಾಗಳ ಜಾಹೀರಾತು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಹಸಿರಿಗೆ ನೀರು ಎಲ್ಲಿಂದ ಬರುತ್ತದೆ, ಅದರ ಖರ್ಚು ಯಾರ ತಲೆಯ ಮೇಲೆ, ಇನ್ನು ಇಪ್ಪತ್ತು ವರ್ಷ ಆ ಹಸಿರು ಅಲ್ಲೇ ಇರುತ್ತದೆಂದು ಯಾರು ಹೇಳಿದರು ಎಂದು ಕೇಳುವವರು ಕಡಿಮೆ.

ಈ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿ ನೋಡುವ ಅವಕಾಶ ನನಗೆ ಒದಗಿದ್ದು ಅಮೆರಿಕದ ಮರಳುಗಾಡಿನಲ್ಲಿ. 2024ರ ಬೇಸಿಗೆ ರಜೆಯಲ್ಲಿ ಅಕ್ಕ-ಭಾವ ನನ್ನನ್ನು ಕರೆಸಿಕೊಂಡಿದ್ದರು. ಭಾವ ಲಾಸ್ ಏಂಜಲೀಸ್‌ನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿದ್ದರು. ಹೃದಯದ ಬೈಪಾಸ್ ಆದಮೇಲೆ ವೈದ್ಯರು ನಡೆಯಲು ಹೇಳಿದ್ದರಿಂದ ಗಾಲ್ಫ್ ಹಿಡಿದವರು, ಈಗ ಅದನ್ನು ಬಿಡಲಾರರು. ಅಕ್ಕನಿಗೆ ಉಬ್ಬಸ, ಒಣ ಹವೆ ಒಗ್ಗೀತು ಎಂಬ ಆಸೆ. ನಗರದ ಮನೆ ಮಾರಿ ಬಂದ ಹಣವೆಲ್ಲ ಈ ಹೊಸ ಮನೆಗೆ ಹೋಗಬೇಕು. ಮಗ ದೂರದ ಸಿಯಾಟಲ್‌ನಲ್ಲಿ. ‘ಇದು ನಾವು ಕೊಳ್ಳುವ ಕೊನೆಯ ಮನೆ ಕಣೋ. ನೀನು ಮೇಷ್ಟ್ರು, ಎಲ್ಲವನ್ನೂ ಕೆದಕಿ ಕೇಳುತ್ತೀಯ, ಜೊತೆಗಿರು’ ಎಂದಿದ್ದಳು ಅಕ್ಕ.

ಮಳೆಯ ನೆರಳಿನ ಕಣಿವೆ

ಲಾಸ್ ಏಂಜಲೀಸ್‌ನಿಂದ ಪೂರ್ವಕ್ಕೆ ಅಜಮಾಸು 170 ಕಿಲೋಮೀಟರ್ ಹೋದರೆ ಕೋಚೆಲ್ಲಾ ಕಣಿವೆ. ಪಾಮ್ ಸ್ಪ್ರಿಂಗ್ಸ್, ರ್‍ಯಾಂಚೊ ಮಿರಾಜ್, ಪಾಮ್ ಡೆಸರ್ಟ್, ಇಂಡಿಯನ್ ವೆಲ್ಸ್, ಲಾ ಕೀಂಟಾ, ಇಂಡಿಯೊ ಎಂದು ಊರುಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿವೆ. ಪಶ್ಚಿಮಕ್ಕೆ ಗೋಡೆಯಂತೆ ನಿಂತದ್ದು 3,302 ಮೀಟರ್ ಎತ್ತರದ ಸ್ಯಾನ್ ಜಸಿಂಟೊ ಶಿಖರ. ಪೆಸಿಫಿಕ್ ಸಾಗರದ ಮೋಡಗಳು ಆ ಕಡೆಯ ಇಳಿಜಾರಿನಲ್ಲೇ ಮಳೆ ಸುರಿಸಿ ಹಗುರಾಗುತ್ತವೆ. ಈಚೆಗೆ ಇಳಿಯುವ ಗಾಳಿ ಒಣಗಿ ಬಿಸಿಯಾಗಿರುತ್ತದೆ. ಆಗುಂಬೆಯಲ್ಲಿ ಏಳು ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ ನಮ್ಮ ಚಳ್ಳಕೆರೆ ತಲುಪುವಷ್ಟರಲ್ಲಿ ಐನೂರರ ಆಸುಪಾಸಿಗೆ ಇಳಿಯುವುದಿಲ್ಲವೇ, ಅದೇ ಪಾಠ, ಇನ್ನಷ್ಟು ಕಠಿಣವಾಗಿ. ಪಾಮ್ ಸ್ಪ್ರಿಂಗ್ಸ್‌ಗೆ ವರ್ಷಕ್ಕೆ ಸುಮಾರು 125 ಮಿಲಿಮೀಟರ್ ಮಳೆ. ಇಂಡಿಯೊಗೆ ಅಷ್ಟೂ ಇಲ್ಲ.

ಇಂಥ ಕಡೆ ನೂರಕ್ಕೂ ಹೆಚ್ಚು ಗಾಲ್ಫ್ ಮೈದಾನಗಳಿವೆ ಎಂದರೆ ನಂಬುವುದು ಕಷ್ಟ. ಕಣಿವೆಯ ಮೊದಲ ಹದಿನೆಂಟು ಕುಳಿಗಳ ಮೈದಾನ, ಥಂಡರ್‌ಬರ್ಡ್, ಶುರುವಾದದ್ದು 1951ರಲ್ಲಿ. ಮೈದಾನದ ಅಂಚಿನ ನಿವೇಶನಗಳನ್ನು ಮಾರಿ ಮೈದಾನದ ಖರ್ಚು ಗಿಟ್ಟಿಸುವ ಉಪಾಯ ಅಲ್ಲಿ ಫಲಿಸಿತು. ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ನಿವೃತ್ತಿಯ ನಂತರ ಚಳಿಗಾಲ ಕಳೆದದ್ದು ಇಂಡಿಯನ್ ವೆಲ್ಸ್‌ನಲ್ಲಿ, ಗೆರಾಲ್ಡ್ ಫೋರ್ಡ್ 2006ರಲ್ಲಿ ಕಣ್ಣುಮುಚ್ಚಿದ್ದು ರ್‍ಯಾಂಚೊ ಮಿರಾಜ್‌ನಲ್ಲಿ. ದೊಡ್ಡವರ ಹಿಂದೆ ಉಳಿದವರೂ ಬಂದರು. ಗೇಟು, ಕಾವಲುಗಾರ, ನಡುವೆ ಹಸಿರು, ಸುತ್ತ ಮನೆ: ಇದಕ್ಕೆ ಅಲ್ಲಿ ಗಾಲ್ಫ್ ಕಮ್ಯುನಿಟಿ ಎನ್ನುತ್ತಾರೆ. ಮನೆಯ ಬೆಲೆ ಕೊಟ್ಟರೆ ಮುಗಿಯಲಿಲ್ಲ. ನಿವಾಸಿಗಳ ಸಂಘಕ್ಕೆ ತಿಂಗಳ ಶುಲ್ಕ ಬೇರೆ, ಕ್ಲಬ್ಬಿನ ಸದಸ್ಯತ್ವ ಬೇರೆ. ಕೆಲವು ಕ್ಲಬ್‌ಗಳಲ್ಲಿ ಸೇರ್ಪಡೆಯ ಹಣವೇ ಲಕ್ಷ ಡಾಲರ್ ದಾಟುತ್ತದೆ.

ಗಣೇಶನ ಗರಿಕೆಯೇ!

ಮೊದಲ ದಿನ ಬೆಳಿಗ್ಗೆ ನಾನು ಮೈದಾನದ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಹುಲ್ಲಿನ ಒಂದು ಎಳೆ ಕಿತ್ತು ನೋಡಿದೆ. ‘ಏನು ಪೂಜೆಗೇನೋ?’ ಎಂದು ಅಕ್ಕ ನಕ್ಕಳು. ಅವಳು ನಗೆಗೆ ಹೇಳಿದ್ದು ನಿಜವೇ ಆಗಿತ್ತು. ಅಲ್ಲಿ ಬರ್ಮುಡಾ ಹುಲ್ಲು ಎಂದು ಕರೆಯುವುದು ನಮ್ಮ ಗರಿಕೆಯನ್ನೇ. ಸಸ್ಯಶಾಸ್ತ್ರದ ಹೆಸರು ಸೈನೋಡಾನ್ ಡ್ಯಾಕ್ಟಿಲಾನ್. ಮೈದಾನಗಳಲ್ಲಿ ಬೆಳೆಸುವುದು ಹೆಚ್ಚಾಗಿ ಇದಕ್ಕೂ ಆಫ್ರಿಕದ ಒಂದು ದಾಯಾದಿ ಹುಲ್ಲಿಗೂ ಹುಟ್ಟಿದ ಮಿಶ್ರತಳಿ. ಅಂಥ ಹೆಸರಾಂತ ತಳಿಯೊಂದನ್ನು 1960ರಲ್ಲಿ ಬಿಡುಗಡೆ ಮಾಡಿದವರು ಜಾರ್ಜಿಯಾ ರಾಜ್ಯದ ಟಿಫ್ಟನ್ ಎಂಬ ಊರಿನಲ್ಲಿದ್ದ ಗ್ಲೆನ್ ಬರ್ಟನ್ ಎಂಬ ವಿಜ್ಞಾನಿ. ಇವರ ಹೆಸರು ನಮ್ಮ ಬಯಲುಸೀಮೆಗೂ ಗೊತ್ತಿರಬೇಕಾದದ್ದು. 1965ರಲ್ಲಿ ಭಾರತದಲ್ಲಿ ಬಿಡುಗಡೆಯಾದ ಮೊದಲ ಹೈಬ್ರಿಡ್ ಸಜ್ಜೆಗೆ ತಾಯಿತಳಿ ಬಂದದ್ದು ಇವರ ಹೊಲದಿಂದಲೇ. ಒಂದೇ ಕೈ ಶ್ರೀಮಂತರ ಆಟಕ್ಕೆ ಹುಲ್ಲನ್ನೂ ಬಡವರ ಹೊಟ್ಟೆಗೆ ರೊಟ್ಟಿಯನ್ನೂ ಕೊಟ್ಟಿತು.

ಗರಿಕೆ ಜೋಳ, ರಾಗಿ, ಕಬ್ಬುಗಳ ಗುಂಪಿನ ಗಿಡ. ಸುಡುವ ಬಿಸಿಲಿನಲ್ಲೂ ಕಡಿಮೆ ನೀರಿನಲ್ಲಿ ಆಹಾರ ತಯಾರಿಸಿಕೊಳ್ಳುವ ಜಾಣ್ಮೆ ಈ ಗುಂಪಿಗಿದೆ. ಆದರೆ ಚಳಿ ಬಂತೆಂದರೆ ಗರಿಕೆ ಕಂದು ಬಣ್ಣಕ್ಕೆ ತಿರುಗಿ ಮಲಗಿಬಿಡುತ್ತದೆ. ಕಣಿವೆಗೆ ಜನ ಬರುವುದು ಚಳಿಗಾಲದಲ್ಲಿ. ಹಣ ಕೊಟ್ಟು ಕಂದು ಹುಲ್ಲು ನೋಡುವವರಾರು? ಹಾಗಾಗಿ ಶರತ್ಕಾಲದಲ್ಲಿ ಮೈದಾನಗಳನ್ನು ಕೆಲವು ವಾರ ಮುಚ್ಚಿ, ಗರಿಕೆಯನ್ನು ನೆಲಮಟ್ಟಕ್ಕೆ ಹೆರೆದು, ರೈ ಎಂಬ ಚಳಿದೇಶದ ಹುಲ್ಲಿನ ಬೀಜ ಬಿತ್ತುತ್ತಾರೆ. ಬೀಜ ಮೊಳೆಯುವವರೆಗೆ ದಿನಕ್ಕೆ ಹಲವು ಬಾರಿ ನೀರು. ಹೆರೆಯುವ ದಿನಗಳಲ್ಲಿ ಏಳುವ ದೂಳು ಉಬ್ಬಸದವರಿಗೆ ಆಗುವುದಿಲ್ಲ ಎಂಬುದನ್ನು ಮನೆ ತೋರಿಸುವ ದಲ್ಲಾಳಿ ಹೇಳಲಿಲ್ಲ. ಪಕ್ಕದ ಮನೆಯ ವೃದ್ಧೆ ಹೇಳಿದರು.

ಒಂದು ಸುಲಭದ ಗುಣಾಕಾರ

ಸಂಜೆ ಊಟದ ಮೇಜಿನ ಮೇಲೆ ನಾನು ಭಾವನಿಗೆ ಒಂದು ಲೆಕ್ಕ ಹಾಕಿಕೊಟ್ಟೆ. ಏಳನೆಯ ತರಗತಿಯ ಮಕ್ಕಳೂ ಮಾಡಬಲ್ಲ ಲೆಕ್ಕ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ಆ ಕಣಿವೆಯ ಬಿಸಿಲು, ಗಾಳಿಗೆ ಹಸಿರು ಹುಲ್ಲಿನಿಂದ ವರ್ಷಕ್ಕೆ ಸುಮಾರು 1,800 ಮಿಲಿಮೀಟರ್ ನೀರು ಆವಿಯಾಗಿ ಹೋಗಬಲ್ಲದು. ಹದಿನೆಂಟು ಕುಳಿಗಳ ಮೈದಾನದಲ್ಲಿ 40 ಹೆಕ್ಟೇರ್ ಹುಲ್ಲಿದೆ ಎಂದುಕೊಳ್ಳೋಣ, ಎಂದರೆ ನಾಲ್ಕು ಲಕ್ಷ ಚದರ ಮೀಟರ್. ಗುಣಿಸಿದರೆ ವರ್ಷಕ್ಕೆ 72 ಕೋಟಿ ಲೀಟರ್, ದಿನಕ್ಕೆ ಹತ್ತಿರ ಹತ್ತಿರ 20 ಲಕ್ಷ ಲೀಟರ್. ತಳಿ ಮತ್ತು ನಿರ್ವಹಣೆಯ ಮೇಲೆ ಹೆಚ್ಚುಕಡಿಮೆಯಾದೀತು. ನಮ್ಮ ನಗರಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರಿ ಅಳತೆ. ಆ ಅಳತೆಯಲ್ಲಿ ಒಂದು ಮೈದಾನದ ನೀರು ಹದಿನಾಲ್ಕು ಸಾವಿರ ಜನರ ಒಂದು ಊರಿಗಾಗುತ್ತದೆ. ಆಕಾಶ ಕೊಡುವುದು ಇದರ ಹದಿನಾಲ್ಕನೆಯ ಒಂದು ಪಾಲೂ ಇಲ್ಲ.

ಅಕ್ಕ ಆ ಕಾಗದವನ್ನು ಬಹಳ ಹೊತ್ತು ನೋಡಿದಳು. ಚಳ್ಳಕೆರೆ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಬೇಸಿಗೆ ಬಂತೆಂದರೆ ಅವಳು ಎರಡು ಕೊಡ ಹೊತ್ತು ತೋಟದ ಬಾವಿಗೆ ಹೋಗಿ ಬರುತ್ತಿದ್ದಳು. ನಾನು ಚಿಕ್ಕವನು, ಚೊಂಬು ಹಿಡಿದು ಹಿಂದೆ ಓಡುತ್ತಿದ್ದೆ. ‘ಈ ನೀರೆಲ್ಲ ಯಾರದ್ದೋ?’ ಎಂದಳು. ಅದಕ್ಕೆ ಉತ್ತರ ಹುಡುಕುತ್ತಲೇ ನಾವು ಉಳಿದ ದಿನಗಳನ್ನು ಕಳೆದೆವು ಎನ್ನಬೇಕು.

ಮೊದಲು ಅದು ಕವಿಯಾ ಎಂಬ ಮೂಲನಿವಾಸಿಗಳದ್ದು. ಅವರು ಮರಳಿನಲ್ಲಿ ಇಳಿಜಾರಾಗಿ ತೋಡಿ, ನಡೆದುಕೊಂಡೇ ನೀರಿನ ಬಳಿಗೆ ಇಳಿಯುವ ಬಾವಿಗಳನ್ನು ಮಾಡಿಕೊಂಡಿದ್ದರು. ಇಂಡಿಯನ್ ವೆಲ್ಸ್ ಎಂಬ ಊರಿನ ಹೆಸರು ಅಂಥ ಬಾವಿಗಳಿಂದಲೇ ಬಂದದ್ದು. ನಮ್ಮ ಮೆಟ್ಟಿಲು ಬಾವಿಗಳ ನೆನಪಾಯಿತು. ಆಮೇಲೆ ಪಂಪು ಬಂದವು. ಅಂತರ್ಜಲ ಇಳಿಯುವುದನ್ನು ಕಂಡ ರೈತರು 1918ರಲ್ಲೇ ಕಣಿವೆಗೆ ಒಂದು ಜಲಮಂಡಳಿ ಕಟ್ಟಿಕೊಂಡರು. 1949ರ ಹೊತ್ತಿಗೆ ಕೊಲರಾಡೊ ನದಿಯ ನೀರು 123 ಮೈಲಿಯ ಕಾಲುವೆಯಲ್ಲಿ ಹೊಲಗಳಿಗೆ ಬಂತು. 1973ರಿಂದ ಅದೇ ನದಿಯ ನೀರನ್ನು ಪಾಮ್ ಸ್ಪ್ರಿಂಗ್ಸ್ ಬಳಿಯ ಕೊಳಗಳಲ್ಲಿ ನಿಲ್ಲಿಸಿ ನೆಲಕ್ಕೆ ಇಂಗಿಸುತ್ತಿದ್ದಾರೆ. ಇಷ್ಟಾದರೂ ಎತ್ತಿದ್ದು ಹೆಚ್ಚಾಗಿ, 1995 ಮತ್ತು 2010ರ ನಡುವೆ ಪಾಮ್ ಡೆಸರ್ಟ್, ಇಂಡಿಯನ್ ವೆಲ್ಸ್, ಲಾ ಕೀಂಟಾಗಳ ಕೆಲವೆಡೆ ನೆಲವೇ ಎರಡು ಅಡಿಯವರೆಗೆ ಕುಸಿಯಿತೆಂದು ಅಮೆರಿಕದ ಭೂವಿಜ್ಞಾನ ಸಮೀಕ್ಷೆ ಅಳೆದಿದೆ. ನೀರು ತುಂಬಿದ್ದ ಜೇಡಿಯ ಪದರಗಳು ಹಿಂಡಿದ ಬಟ್ಟೆಯಂತೆ ಕುಗ್ಗಿದ್ದೇ ಕಾರಣ. ಇಂಗಿಸುವ ಕೆಲಸ ಹೆಚ್ಚಿದ ಮೇಲೆ, ಹಲವು ಮೈದಾನಗಳು ಕೊಳವೆಬಾವಿ ಬಿಟ್ಟು ಕಾಲುವೆ ನೀರಿಗೂ ಶುದ್ಧೀಕರಿಸಿದ ಚರಂಡಿ ನೀರಿಗೂ ಹೊರಳಿದ ಮೇಲೆ, ಕುಸಿತ ಬಹುಮಟ್ಟಿಗೆ ನಿಂತಿದೆ. ಆದರೆ ನದಿಯೇ ಸೊರಗುತ್ತಿದೆ. 2022ರ ಬೇಸಿಗೆಯಲ್ಲಿ ಕೊಲರಾಡೊದ ಮೀಡ್ ಜಲಾಶಯ, 1930ರ ದಶಕದಲ್ಲಿ ತುಂಬತೊಡಗಿದಂದಿನಿಂದ ಕಾಣದಷ್ಟು ಕೆಳಮಟ್ಟಕ್ಕೆ ಇಳಿದಿತ್ತು.

ನೋಡಿದ ಮನೆಗಳು

ಮೊದಲ ಮನೆ ಭಾವನ ಕನಸಿನಂತಿತ್ತು. ಹಿತ್ತಿಲ ಬಾಗಿಲು ತೆರೆದರೆ ಹುಲ್ಲು, ಹುಲ್ಲಿನಾಚೆ ಬೆಟ್ಟ. ನಾನು ಹಿತ್ತಿಲಲ್ಲಿ ಒಂದು ಸುತ್ತು ಬಂದೆ, ಪೊದೆಗಳ ಬುಡದಲ್ಲಿ ಏಳು ಗಾಲ್ಫ್ ಚೆಂಡು ಸಿಕ್ಕವು. ಚೆಂಡು ಹೊಡೆಯುವ ಕಟ್ಟೆಯಿಂದ ಆ ಮನೆ ಮೈದಾನದ ಬಲಗಡೆಗೆ ಇನ್ನೂರು ಗಜದಾಚೆ ಇತ್ತು. ಬಲಗೈ ಆಟಗಾರ, ಅದರಲ್ಲೂ ಕಲಿಯುವವನು, ಹೊಡೆದ ಚೆಂಡು ಓರೆಯಾಗಿ ತಿರುಗುತ್ತಾ ಬಲಕ್ಕೇ ಬಾಗುತ್ತದೆ. ತಿರುಗುವ ಚೆಂಡು ಒಂದು ಬದಿಗೆ ಗಾಳಿಯನ್ನು ತಳ್ಳುತ್ತದೆ, ಗಾಳಿ ಅದನ್ನು ಇನ್ನೊಂದು ಬದಿಗೆ ತಳ್ಳುತ್ತದೆ. ಮ್ಯಾಗ್ನಸ್ ಪರಿಣಾಮ ಎಂದು ನಾವು ತರಗತಿಯಲ್ಲಿ ಹೇಳುವುದು ಇದನ್ನೇ, ಕ್ರಿಕೆಟ್ ಚೆಂಡಿನ ಉದಾಹರಣೆ ಕೊಟ್ಟು. 46 ಗ್ರಾಮಿನ ಗಟ್ಟಿ ಚೆಂಡು ಗಂಟೆಗೆ ಇನ್ನೂರು ಕಿಲೋಮೀಟರ್ ವೇಗದಲ್ಲಿ ಹೊರಟು ಕಿಟಕಿಗೆ ಬಂದರೆ? ಅಕ್ಕ ಸಂಜೆ ಹಿತ್ತಿಲಲ್ಲಿ ಕೂರುವವಳು. ಜೊತೆಗೆ ಅಲ್ಲಿ ಕ್ಲಬ್ಬಿನ ಸದಸ್ಯತ್ವ ಕಡ್ಡಾಯ, ಆಡಲಿ ಬಿಡಲಿ. ಭಾವನ ಮೊಣಕಾಲು ಸೋತ ದಿನವೂ ಶುಲ್ಕ ಸೋಲುವುದಿಲ್ಲ.

ಎರಡನೆಯದು ಪಾಮ್ ಸ್ಪ್ರಿಂಗ್ಸ್‌ನ ಉತ್ತರಕ್ಕೆ, ಅರ್ಧಕ್ಕರ್ಧ ಅಗ್ಗ. ಅಗ್ಗವೇಕೆಂದು ಪತ್ರ ತೆಗೆಸಿದರೆ ಮನೆ ಮಾತ್ರ ನಮ್ಮದು, ನೆಲ ಗುತ್ತಿಗೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಸರ್ಕಾರ ಆ ಪ್ರದೇಶವನ್ನು ಚದುರಂಗದ ಮಣೆಯಂತೆ ಭಾಗಮಾಡಿ ಒಂದು ಮನೆ ರೈಲು ಕಂಪನಿಗೆ, ಪಕ್ಕದ ಮನೆ ಕವಿಯಾ ಜನರ ಆಗ್ವಾ ಕಾಲಿಯೆಂಟೆ ಪಂಗಡಕ್ಕೆ ಬಿಟ್ಟಿತು. ಆ ಪಂಗಡದ ನೆಲವನ್ನು 99 ವರ್ಷದವರೆಗೆ ಗುತ್ತಿಗೆಗೆ ಕೊಡಲು 1959ರಲ್ಲಿ ಕಾನೂನಾಯಿತು. ಅದರಿಂದ ಅವರಿಗೆ ತಮ್ಮ ನೆಲದ ಫಲ ಸಿಕ್ಕಿತು, ನ್ಯಾಯವೇ. ಆದರೆ ಈ ಮನೆಯ ಗುತ್ತಿಗೆ ಮುಗಿಯಲು ಮೂವತ್ತು ವರ್ಷವೂ ಉಳಿದಿರಲಿಲ್ಲ. ಮುಂದೆ ಮಾರಹೊರಟರೆ ಬ್ಯಾಂಕುಗಳು ಸಾಲ ಕೊಡಲು ಹಿಂದೆಮುಂದೆ ನೋಡುತ್ತವೆ. ಮೇಲಾಗಿ ಆ ಕಡೆ ಗಾಳಿಯ ಹಾವಳಿ. ಮರಳುಗಾಡು ಕಾದು ಗಾಳಿ ಮೇಲೇರಿದಾಗ ಕರಾವಳಿಯ ತಂಪು ಗಾಳಿ ಸ್ಯಾನ್ ಗೋರ್ಗೊನಿಯೊ ಕಣಿವೆಬಾಯಿಯಿಂದ ನುಗ್ಗುತ್ತದೆ. ಅಲ್ಲಿ ಸಾಲು ಸಾಲು ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಮರಳು ಹೊತ್ತ ಗಾಳಿ ಅಕ್ಕನ ಶ್ವಾಸಕ್ಕೆ ಶತ್ರು.

ಮೂರನೆಯ ಕಡೆ ಮನೆಗಳು ಜನರವು, ಮೈದಾನ ಮಾತ್ರ ಬೇರೊಂದು ಕಂಪನಿಯದು. ಕಂಪನಿಗೆ ನಷ್ಟವಾದರೆ? ಅಮೆರಿಕದಲ್ಲಿ 2006ರಿಂದ ಈಚೆಗೆ ತೆರೆದ ಮೈದಾನಗಳಿಗಿಂತ ಮುಚ್ಚಿದವೇ ಹೆಚ್ಚು. 2022ರಲ್ಲಿ ಪಾಮ್ ಸ್ಪ್ರಿಂಗ್ಸ್‌ನ ಮೆಸ್ಕೀಟ್ ಮೈದಾನವನ್ನು ಭೂಸಂರಕ್ಷಣೆಯ ಟ್ರಸ್ಟೊಂದು ಕೊಂಡು ಮತ್ತೆ ಮರುಭೂಮಿಯ ಗಿಡಮರಗಳ ತಾಣವನ್ನಾಗಿಸಲು ಹೊರಟಿತು. ಪಕ್ಷಿಗಳಿಗೆ ಒಳ್ಳೆಯದಾಯಿತು. ಗಾಲ್ಫ್ ನೋಟಕ್ಕೆಂದೇ ಹೆಚ್ಚು ಬೆಲೆ ತೆತ್ತ ಸುತ್ತಲಿನವರಲ್ಲಿ ಅಸಮಾಧಾನ ಎದ್ದಿತು. ಕಿಟಕಿಯಾಚೆಯ ನೋಟ ನಮ್ಮ ಕ್ರಯಪತ್ರದಲ್ಲಿ ಇರುವುದಿಲ್ಲ, ನೆನಪಿಡಿ.

ಪುಕ್ಕಟೆ ಹಸಿರು

ಒಂದು ಭಾನುವಾರ ಮನೆ ನೋಡುವುದನ್ನು ಬಿಟ್ಟು ಕಣಿವೆಯ ಈಶಾನ್ಯಕ್ಕಿರುವ ಥೌಸಂಡ್ ಪಾಮ್ಸ್ ಓಯಸಿಸ್‌ಗೆ ಹೋದೆವು. ಬೋಳು ಬೆಟ್ಟದ ಬುಡದಲ್ಲಿ, ಯಾರೂ ನೀರು ಹಾಯಿಸದ ಕಡೆ, ದಟ್ಟವಾದ ತಾಳೆಯ ತೋಪು. ಒಣಗಿದ ಗರಿಗಳು ಲಂಗದಂತೆ ಬುಡದವರೆಗೂ ಜೋತಿದ್ದವು. ಕೆಳಗೆ ತಣ್ಣನೆಯ ನೀರಿನ ಮಡು. ಕಾರಣ ಕೇಳಿದರೆ ಮೈ ಜುಮ್ಮೆನ್ನುತ್ತದೆ: ಹೆಸರಾಂತ ಸ್ಯಾನ್ ಆಂಡ್ರಿಯಾಸ್ ಭೂಬಿರುಕು ಹಾದುಹೋಗುವುದು ಅಲ್ಲೇ. ಶಿಲೆಗಳು ಉಜ್ಜಿ ಉಜ್ಜಿ ನುಣ್ಣನೆ ಜೇಡಿಯಾಗಿ ನೆಲದೊಳಗೊಂದು ಅಡ್ಡಗೋಡೆ ಎದ್ದಿದೆ. ಹರಿದು ಬರುವ ಅಂತರ್ಜಲ ಅದಕ್ಕೆ ತಡೆದು ಮೇಲಕ್ಕೆ ಒಸರುತ್ತದೆ. ಬಿರುಕು ಎಲ್ಲಿದೆಯೋ ಅಲ್ಲಿ ತಾಳೆಯ ಸಾಲು. ಈ ದಕ್ಷಿಣ ತುಂಡಿನಲ್ಲಿ ಸುಮಾರು ಮುನ್ನೂರು ವರ್ಷದಿಂದ ದೊಡ್ಡ ಕಂಪನ ಆಗಿಲ್ಲ. ಆದ್ದರಿಂದ ಭೂಕಂಪದ ವಿಮೆಯ ಖರ್ಚನ್ನೂ ನಮ್ಮ ಪಟ್ಟಿಗೆ ಸೇರಿಸಿದೆವು.

ವಾಪಸು ಬರುವಾಗ ಕಣಿವೆಯ ಪೂರ್ವದ ತುದಿಯ ಥರ್ಮಲ್ ಊರಿನ ಕಡೆಗೆ ಹೋದೆವು. ಖರ್ಜೂರದ ತೋಟಗಳ ನಡುವೆ ತಗಡಿನ ಮನೆಗಳ ವಠಾರಗಳು. ಹೊಲಗಳಲ್ಲಿ ದುಡಿಯುವ ಎಷ್ಟೋ ಕುಟುಂಬಗಳು ಇರುವುದು ಇಲ್ಲಿ. ಅಂಥದೊಂದು ವಠಾರದ ಕೊಳವೆಬಾವಿಯಲ್ಲಿ ಮಿತಿಮೀರಿದ ಆರ್ಸೆನಿಕ್ ಇದೆಯೆಂದು 2019ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ತುರ್ತು ಆದೇಶ ಹೊರಡಿಸಿ, ಬಾಟಲಿ ನೀರು ಒದಗಿಸುವಂತೆ ವಠಾರದವರಿಗೆ ಹೇಳಬೇಕಾಯಿತು. ಫ್ಲೋರೈಡ್ ನೀರು ಕುಡಿದು ಹಲ್ಲು ಕಲೆಯಾದವರ ನಡುವೆ ಬೆಳೆದವಳು ಅಕ್ಕ. ಕಾರಿನಲ್ಲಿ ಅವಳು ಮಾತಾಡಲಿಲ್ಲ. ಮನೆ ಮುಟ್ಟಿದ ಮೇಲೆ ಭಾವನಿಗೆ ಹೇಳಿದಳು: ‘ನೀವು ಆಡಿ, ಬೇಡವೆನ್ನುವುದಿಲ್ಲ. ಆದರೆ ಕುಡಿಯೋ ನೀರು ಹೀರೋ ಹುಲ್ಲಿನ ಮುಂದೆ ನನಗೆ ನಿದ್ದೆ ಬರೋದಿಲ್ಲ.’

ಭಾವ ಎರಡು ದಿನ ಬಿಗಿಯಾಗಿದ್ದರು. ಮೂರನೆಯ ದಿನ ತಾವೇ ಜಲಮಂಡಳಿಗೆ ಫೋನಾಯಿಸಿ ಯಾವ ಮೈದಾನಕ್ಕೆ ಯಾವ ನೀರು ಎಂದು ವಿಚಾರಿಸತೊಡಗಿದರು. ಕಡೆಗೆ ಪಾಮ್ ಡೆಸರ್ಟ್‌ನಲ್ಲಿ, ಗಾಳಿಗೆ ಬೆಟ್ಟ ಅಡ್ಡವಿರುವ ಕಡೆ, ಹಳೆಯದೊಂದು ಚಿಕ್ಕ ಮನೆ ಒಪ್ಪಿಗೆಯಾಯಿತು. ಹುಲ್ಲಿನ ಅಂಚಿನಲ್ಲಿಲ್ಲ, ಎರಡನೆಯ ಸಾಲು. ಬೆಲೆಯೂ ಕಡಿಮೆ, ಚೆಂಡಿನ ಭಯವೂ ಇಲ್ಲ. ನೆಲ ಸ್ವಂತದ್ದು, ಮೈದಾನ ನಿವಾಸಿಗಳ ಸಂಘದ್ದು, ಹುಲ್ಲಿಗೆ ಬಳಸುವುದು ಶುದ್ಧೀಕರಿಸಿದ ನೀರು. ಆಟಕ್ಕೆ ಬೇಕಿಲ್ಲದ ಅಂಚುಗಳಲ್ಲಿ ಹುಲ್ಲು ಕಿತ್ತು ಮರುಭೂಮಿಯ ಗಿಡ ನೆಟ್ಟಿದ್ದರು. 2023ರ ಆಗಸ್ಟಿನಲ್ಲಿ ಹಿಲರಿ ಚಂಡಮಾರುತದ ಪಳೆಯುಳಿಕೆ ಬಂದು ಒಂದೇ ದಿನದಲ್ಲಿ ಪಾಮ್ ಸ್ಪ್ರಿಂಗ್ಸ್‌ನಲ್ಲಿ ಮೂರು ಅಂಗುಲಕ್ಕೂ ಹೆಚ್ಚು ಮಳೆ ಸುರಿದಾಗ ಆ ಬೀದಿಗೆ ನೀರು ನುಗ್ಗಿತ್ತೇ ಎಂದು ಅಕ್ಕಪಕ್ಕದವರನ್ನು ಕೇಳಿದೆವು. ಇಲ್ಲ ಎಂದರು. ಸಂಘದ ಮೂರು ವರ್ಷದ ಲೆಕ್ಕಪತ್ರ ತರಿಸಿ ಭಾವ ಓದಿದರು.

ಒಂದು ಪ್ರಶ್ನೆ ಮಾತ್ರ ಉಳಿದಿತ್ತು. ಮೇ ತಿಂಗಳು ಬರುತ್ತಿದ್ದಂತೆ ಬೀದಿಗಳು ಖಾಲಿಯಾಗತೊಡಗಿದವು. ಚಳಿಗಾಲಕ್ಕೆ ಬಂದ ಹಕ್ಕಿಗಳಂತೆ ಜನ ಉತ್ತರದ ಊರುಗಳಿಗೆ ಗಂಟುಮೂಟೆ ಕಟ್ಟುತ್ತಿದ್ದರು. ಬೇಸಿಗೆಯಲ್ಲಿ ಒಬ್ಬರಿಗೆ ಎದೆನೋವು ಬಂದರೆ ಪಕ್ಕದ ಬಾಗಿಲು ತಟ್ಟಲು ಯಾರಿದ್ದಾರೆ? ಅದಕ್ಕೆ ಅಕ್ಕ ಎರಡು ಷರತ್ತು ಹಾಕಿದಳು. ಐಸೆನ್‌ಹೋವರ್ ಆಸ್ಪತ್ರೆ ಕಾರಿನಲ್ಲಿ ಕಾಲು ಗಂಟೆಯೊಳಗಿರಬೇಕು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಬ್ಬರೂ ಮಗನ ಊರಿನಲ್ಲಿರಬೇಕು. ಅದೇ ವರ್ಷ ಜುಲೈ 5ರಂದು ಪಾಮ್ ಸ್ಪ್ರಿಂಗ್ಸ್‌ನಲ್ಲಿ ಉಷ್ಣತೆ 51 ಡಿಗ್ರಿ ಸೆಲ್ಸಿಯಸ್ ದಾಟಿ ಹೊಸ ದಾಖಲೆ ಬರೆದಾಗ ಅವರು ಸಿಯಾಟಲ್‌ನಲ್ಲಿ ಮೊಮ್ಮಗಳೊಂದಿಗೆ ಇದ್ದರು.

ವಿದ್ಯಾರ್ಥಿಗಳು ನನ್ನನ್ನು ಆಗಾಗ ಕೇಳುತ್ತಾರೆ, ‘ಸಾರ್, ಮಳೆಯ ನೆರಳು, ಆವಿಯಾಗುವಿಕೆ ಇವೆಲ್ಲ ಮುಂದೆ ಯಾವ ಉಪಯೋಗಕ್ಕೆ?’ ಅಂಕಪಟ್ಟಿ ತಂದುಕೊಡುವುದು ಒಂದು ಉಪಯೋಗ. ನಿಮ್ಮ ತಂದೆತಾಯಿ ಜನ್ಮದ ಗಳಿಕೆ ಹಾಕಿ ಮನೆ ಕೊಳ್ಳುವ ದಿನ ಪಕ್ಕದಲ್ಲಿ ನಿಂತು ನಾಲ್ಕು ಪ್ರಶ್ನೆ ಕೇಳಲು ಬರುವುದು ಅದಕ್ಕಿಂತ ದೊಡ್ಡದು. ನೀರು ಎಲ್ಲಿಯದು? ನೆಲ ಯಾರದು? ಈ ಹಸಿರಿನ ಖರ್ಚು ಯಾರದು, ಎಷ್ಟು ವರ್ಷ? ನಮಗೆ ಬಂದ ನೀರು ಯಾರ ಕೊಡದಿಂದ ಕಡಿಮೆಯಾಯಿತು?

ತಂದೆತಾಯಿಗಳೇ, ಈ ಭಾನುವಾರ ಮಕ್ಕಳೊಡನೆ ಒಂದು ಕೆಲಸ ಮಾಡಿ. ನೇರ ಗೋಡೆಯ ಅಗಲ ಪಾತ್ರೆಯೊಂದರಲ್ಲಿ ನೀರು ತುಂಬಿ ಬಿಸಿಲಿನ ತಾರಸಿಯ ಮೇಲಿಡಿ, ಮೇಲೊಂದು ಬಲೆ ಮುಚ್ಚಿ, ಕಾಗೆ ಕುಡಿಯದಂತೆ. ಮರುದಿನ ಅದೇ ಹೊತ್ತಿಗೆ ಸ್ಕೇಲಿಟ್ಟು ಎಷ್ಟು ಮಿಲಿಮೀಟರ್ ಇಳಿಯಿತೆಂದು ಅಳೆಯಿರಿ. ನಿಮ್ಮ ಮನೆಯ ಮುಂದಿನ ಹುಲ್ಲುಹಾಸು ಎಷ್ಟು ಚದರ ಮೀಟರ್ ಇದೆಯೋ ಅದರಿಂದ ಗುಣಿಸಿ. ಹುಲ್ಲಿಗೆ ಇಷ್ಟೂ ಬೇಕಾಗದು, ಆದರೆ ಅಂದಾಜು ಸಿಗುತ್ತದೆ. ಬಂದ ಉತ್ತರವನ್ನು ಕೊಡಗಳಲ್ಲಿ ಬರೆದಿಡಿ.